ಗ್ರಾಮಾಧಿಕಾರಿಯ ಪಾಸ್‌ವರ್ಡು

ನನ್ನ ಮೇಲಿರುವುದು ಕಂಪ್ಯೂಟರ್ ಕೇಸು. ಹಾಗಂದರೆ ನಮ್ಮ ಊರಿನವರಿಗೆ ನಾನು ಯಾರದೋ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಓಡಿದೆ ಅನ್ನಿಸುತ್ತದೆ. ಹಾಗೆ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ವಾಪಸು ಕೊಟ್ಟು, ಕೈಮುಗಿದು, ಬೈಸಿಕೊಂಡು ಮುಗಿಸಬಹುದಿತ್ತು. ನಾನು ಕದ್ದದ್ದು ಒಂದು ಪಾಸ್‌ವರ್ಡನ್ನಂತೆ. ಅದನ್ನು ಯಾರ ಕೈಗೆ ಅಂತ ವಾಪಸು ಕೊಡಲಿ?

ಡೆಂಕಣಿಕೋಟೆಯಲ್ಲಿರುವ ನನ್ನ ವಕೀಲರು ಕಾಯ್ದೆಯನ್ನು ಓದಿ ಬಿಡಿಸಿ ಹೇಳಿದರು. ಕಂಪ್ಯೂಟರಿನ ಒಡೆಯನ ಅಥವಾ ಅದರ ಹೊಣೆ ಹೊತ್ತವನ ಅನುಮತಿ ಇಲ್ಲದೆ ಅದರೊಳಗೆ ಹೋಗುವುದು ತಪ್ಪು. ಮೋಸ ಮಾಡುವ ಉದ್ದೇಶದಿಂದ ಹೋದರೆ ಅಪರಾಧ, ಮೂರು ವರ್ಷದವರೆಗೆ ಜೈಲು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಅದಕ್ಕೆ ಬೇರೆಯೇ ಒಂದು ಸೆಕ್ಷನ್. "ಎಲ್ಲಾ ನಿಂತಿರೋದು ಅನುಮತಿ ಅನ್ನೋದ್ರ ಮೇಲಮ್ಮ. ಅವರು ಅನುಮತಿ ಕೊಟ್ಟಿದ್ರು ಅನ್ನೋದಕ್ಕೆ ನಿನ್ ಹತ್ರ ಏನೈತೆ?" ಎಂದು ಕೇಳಿದರು. ನನಗೆ ನಗು ಬಂತು. ವಕೀಲರಿಗೆ ಅದು ಹಿಡಿಸಲಿಲ್ಲ.

ನಮ್ಮ ಕಡೆ ಅನುಮತಿಯನ್ನು ಯಾರು ಕಾಗದದ ಮೇಲೆ ಕೊಟ್ಟಿದ್ದಾರೆ? ಪಕ್ಕದ ಹೊಲದವರು ಬೋರ್‌ವೆಲ್ ನೀರು ತಿರುಗಿಸಿಕೊಳ್ಳಿ ಅನ್ನುವುದು ಬೆನ್ನು ಹಾಕಿ ನಡೆಯುತ್ತಾ. ಹುಣಸೆಕಾಯಿ ಬಡಿದುಕೊಳ್ಳಿ ಅನ್ನುವುದು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು. ಗ್ರಾಮಾಧಿಕಾರಿ ನನಗೆ ಅನುಮತಿ ಕೊಟ್ಟದ್ದೂ ಹಾಗೆಯೇ, ಬೈಕಿನಿಂದ ಕೆಳಗಿಳಿಯದೆ. "ನೀಯೇ ಪೋಟ್ಟುಡುಮ್ಮಾ" ಅಂದರು. ನೀನೇ ಹಾಕಿಬಿಡಮ್ಮ ಅಂತ. ಅದಕ್ಕೆ ಸಾಕ್ಷಿ ಯಾರು ಎಂದರೆ ಆ ಬೈಕು.

ನಮ್ಮೂರು ತಮಿಳುನಾಡಿನ ಗಡಿಯಲ್ಲಿ, ಡೆಂಕಣಿಕೋಟೆಯಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿದೆ. ಊರಿನ ಕ್ರಾಸಿನಲ್ಲಿ, ಟೀ ಅಂಗಡಿಯ ಪಕ್ಕದ ಮಳಿಗೆಯಲ್ಲಿ ನನ್ನ ಕಂಪ್ಯೂಟರ್ ಅಂಗಡಿ ಇತ್ತು. ಜಾತಿ ಸರ್ಟಿಫಿಕೇಟು, ಪಿಂಚಣಿ, ಪಟ್ಟಾ, ರೇಷನ್ ಕಾರ್ಡು, ಏನು ಬೇಕಾದರೂ ಅಲ್ಲಿಗೇ ಬರಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸರ್ಕಾರದ ಮುಂದೆ ತಮಿಳು ಎಂದು ಬದುಕುವ ಊರು ನಮ್ಮದು. ಅಲ್ಲಿ ತಮಿಳು ಟೈಪಿಂಗ್ ಸರಿಯಾಗಿ ಬರುತ್ತಿದ್ದುದು ನನಗೊಬ್ಬಳಿಗೇ. ಹೊಸೂರಿಗೆ ಹೋಗಿ ಕಲಿತಿದ್ದೆ. ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬರುತ್ತಿದ್ದವನು ನನ್ನ ಸೋದರಮಾವ, ಅಮ್ಮನ ತಮ್ಮ. ಅಪ್ಪನಿಗೆ ಹೊಸೂರಿನ ಕಾರ್ಖಾನೆಯ ಶಿಫ್ಟು. ಅಪ್ಪ ಮನೆಗೆ ಬರುವುದೇ ಮಲಗಲು. ಹಾಗಾಗಿ ನಮ್ಮ ಮನೆಯಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಎಂದು ತೀರ್ಮಾನಿಸುವವನು ಮಾವ. ಊರಿನಲ್ಲೂ ಅವನ ಮಾತು ನಡೆಯುತ್ತಿತ್ತು. ದೊಡ್ಡ ಮನುಷ್ಯ. ಈಗಲೂ ದೊಡ್ಡ ಮನುಷ್ಯನೇ.

ಗ್ರಾಮಾಧಿಕಾರಿ ಎಂದರೆ ನಮ್ಮ ಪಾಲಿಗೆ ಸರ್ಕಾರವೇ. ಹಳಬರು ಇನ್ನೂ ಶಾನುಭೋಗರು ಅನ್ನುತ್ತಾರೆ, ಈಗಿನವರು ವಿ.ಎ.ಓ. ಅನ್ನುತ್ತಾರೆ. ಅರ್ಜಿ ನನ್ನ ಅಂಗಡಿಯಿಂದ ಹೋದರೆ ಅದು ಅವರ ಲಾಗಿನ್ನಿಗೆ ಹೋಗಿ ಕೂರುತ್ತದೆ. ಅವರು ಹೊಲ ನೋಡಿ, ಮನೆ ನೋಡಿ, ಸರಿ ಎಂದು ಒತ್ತಬೇಕು. ಈ ಮನುಷ್ಯನಿಗೆ ಒತ್ತುವುದೂ ಬೇಜಾರು, ನೋಡುವುದಂತೂ ಇನ್ನೂ ಬೇಜಾರು. ನನ್ನ ಅಂಗಡಿಯಲ್ಲೇ ಕೂತು, ನನ್ನ ಕೈಯಲ್ಲೇ ಟೈಪ್ ಮಾಡಿಸುತ್ತಿದ್ದವರು ಆಮೇಲಾಮೇಲೆ ಕೂರುವುದನ್ನೂ ಬಿಟ್ಟರು. ಪಾಸ್‌ವರ್ಡು ಹೇಳಿದರು. ಒಳಗೆ ಹೋಗುವಾಗ ಓ.ಟಿ.ಪಿ. ಅವರ ಆಫೀಸ್ ಫೋನಿಗೆ ಬರುತ್ತಿತ್ತು. ಅವರ ಇನ್ನೊಂದು ನಂಬರಿಗೆ ಕರೆ ಮಾಡಿದರೆ ಓದಿ ಹೇಳುತ್ತಿದ್ದರು. ಊಟದ ನಡುವೆ, ನಿದ್ದೆಯ ನಡುವೆ, ಒಂದು ಸಲ ಹಲ್ಲು ಕೀಳಿಸಿಕೊಂಡು ಬಂದ ದಿನವೂ ಆ ಊದಿದ ಬಾಯಲ್ಲಿ ಓದಿ ಹೇಳಿದರು.

ಕೊನೆಗೆ ಅದಕ್ಕೂ ಬೇಜಾರಾಗಿ ಆಫೀಸ್ ಫೋನನ್ನೇ ತಂದು ನನ್ನ ಮೇಜಿನ ಮೇಲೆ ಚಾರ್ಜಿಗೆ ಹಾಕಿ ಹೋದರು. ಅದರಿಂದ ಅವರಿಗೆ ಎರಡು ಲಾಭ. ಓ.ಟಿ.ಪಿ. ಓದುವ ಕೆಲಸ ತಪ್ಪಿತು. ಊರಿನ ಜನ ಆ ನಂಬರಿಗೆ ಕರೆ ಮಾಡಿ ಪ್ರಾಣ ತಿನ್ನುವುದೂ ತಪ್ಪಿತು. ಕರೆ ಬಂದರೆ ನಾನೇ ಎತ್ತುತ್ತಿದ್ದೆ. "ಸಾರ್ ಮೀಟಿಂಗಲ್ಲಿದ್ದಾರೆ" ಅನ್ನುತ್ತಿದ್ದೆ. ಅವರು ಎಲ್ಲಿದ್ದಾರೆಂದು ದೇವರಿಗೂ ಗೊತ್ತಿರಲಿಲ್ಲ. ಆದರೆ ಜನರಿಗೆ ಕೆಲಸ ಬೇಗ ಆಗುತ್ತಿತ್ತು, ಅವರಿಗೆ ಸುಖವಾಗಿತ್ತು, ನನಗೆ ಹೆಮ್ಮೆಯಾಗಿತ್ತು. ಸರ್ಕಾರವೇ ನನ್ನ ಮೇಜಿನ ಮೇಲೆ ಚಾರ್ಜ್ ಆಗುತ್ತಿದೆ ಎಂದು ಗೆಳತಿಯರಿಗೆ ಹೇಳಿ ನಕ್ಕಿದ್ದೇನೆ.

ಆ ಹೊತ್ತಿಗೆ ನಾನು ಸರ್ಕಾರಿ ಟೈಪಿಸ್ಟ್ ಪರೀಕ್ಷೆ ಬರೆದು ಪಾಸಾಗಿದ್ದೆ. ಚೆನ್ನೈಗೆ ಹೋಗಿ ಸರ್ಟಿಫಿಕೇಟುಗಳನ್ನು ತೋರಿಸಿ ಬಂದದ್ದೂ ಆಗಿತ್ತು. ನೇಮಕದ ಆರ್ಡರ್ ಬರಲು ಬಾಕಿ ಇದ್ದದ್ದು ಪೊಲೀಸರ ವಿಚಾರಣೆ ಮಾತ್ರ. ಇವಳ ಮೇಲೆ ಯಾವ ಕೇಸೂ ಇಲ್ಲ ಎಂದು ಠಾಣೆಯವರು ಬರೆದು ಕಳಿಸಬೇಕು. ನಮ್ಮ ವಂಶದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತವರು ಯಾರೂ ಇಲ್ಲ. ಅಮ್ಮ ನಾನು ಆಫೀಸಿಗೆ ಉಡಲೆಂದು ಎರಡು ಸೀರೆ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ನನಗೆ ಆ ಕೆಲಸದ ಮೇಲೆ ಎಷ್ಟು ಆಸೆ ಇತ್ತೆಂದರೆ, ಬಸ್ಸಿನಲ್ಲಿ ಹೋಗುವಾಗ ತಾಲ್ಲೂಕು ಕಚೇರಿ ಕಂಡರೆ ಕತ್ತು ತಿರುಗಿಸಿ ಅದು ಮರೆಯಾಗುವವರೆಗೂ ನೋಡುತ್ತಿದ್ದೆ.

ರಾಗಿ ಬಲಿಯುವ ಕಾಲಕ್ಕೆ ಆನೆಗಳು ಬಂದವು. ಪ್ರತಿ ವರ್ಷ ಬರುತ್ತವೆ. ಆ ವರ್ಷ ಮಾವನ ಹೊಲಕ್ಕೆ ನುಗ್ಗಿ, ತಿಂದದ್ದಕ್ಕಿಂತ ಹೆಚ್ಚು ತುಳಿದು ಹೋದವು. ಮಾವ ಫೋಟೋ ತೆಗೆದುಕೊಂಡು ಬಂದ. ಮಲಗಿದ ರಾಗಿ ತೆನೆ, ಕೆಸರಿನಲ್ಲಿ ಆನೆಯ ಹೆಜ್ಜೆ, ಪಕ್ಕದಲ್ಲಿ ಕಾವಲಿಗಿದ್ದವರು ಬಿಟ್ಟುಹೋದ ಒಂದು ಕೆಂಪು ಪ್ಲಾಸ್ಟಿಕ್ ಬಿಂದಿಗೆ. ಪರಿಹಾರದ ಅರ್ಜಿ ಹಾಕಿದೆ. ಗ್ರಾಮಾಧಿಕಾರಿಯ ಲಾಗಿನ್ನಿನಲ್ಲಿ ಸರಿ ಎಂದೂ ಒತ್ತಿದೆ, ಎಂದಿನ ಹಾಗೆ.

ಒಂದು ವಾರ ಬಿಟ್ಟು ಮಾವ ತನ್ನ ಮೂವರು ದಾಯಾದಿಗಳ ಪಟ್ಟಾ ಹಿಡಿದುಕೊಂಡು ಬಂದ. ಅವರ ಹೊಲಗಳೂ ತುಳಿದುಹೋಗಿವೆಯಂತೆ. ಫೋಟೋ ಕೇಳಿದೆ. ಅದೇ ಫೋಟೋ ಕೊಟ್ಟ.

"ಮಾವ, ಇದು ನಿಮ್ ಹೊಲದ್ದೇ ಫೋಟೋ. ಆಗ್ಲೇ ಹಾಕೀನಿ."

"ಆನೆ ಒಂದೇ ಕಣಮ್ಮಿ. ಫೋಟೋ ಒಂದೇ ಇದ್ರೇನಾಯ್ತು? ಹಾಕ್ಬುಡು."

"ಆ ಹೊಲಗಳ್ನ ನಾನು ಬೆಳಿಗ್ಗೆ ನೋಡ್ಕೊಂಡೇ ಬಂದೆ. ರಾಗಿ ನೆಟ್ಟಗೆ ನಿಂತೈತೆ."

"ನೀನು ಯಾವಾಗ್ಲಿಂದ ವಿ.ಎ.ಓ. ಆದೆ?" ಎಂದು ನಕ್ಕ. ಟೀ ಅಂಗಡಿಯ ಮುಂದಿದ್ದವರೂ ನಕ್ಕರು. "ಅವ್ರನ್ನೇ ಕೇಳು ಓಗು."

ಗ್ರಾಮಾಧಿಕಾರಿಗೆ ಕರೆ ಮಾಡಿದೆ. ಕೆಲಮಂಗಲದಲ್ಲಿ ಯಾವುದೋ ಮದುವೆಯಲ್ಲಿದ್ದರು. ಹಿಂದೆ ಓಲಗ ಕೇಳುತ್ತಿತ್ತು. ಫೋಟೋ ವಿಷಯ ಹೇಳಿದೆ. ದೊಡ್ಡವರು ಹೇಳುತ್ತಿದ್ದಾರಲ್ಲ, ನಿನಗೇನು, ಹಾಕು ಎಂದರು. ಆಮೇಲೆ ಎಂದಿನ ಮಾತು, "ನೀಯೇ ಪೋಟ್ಟುಡುಮ್ಮಾ." ಹಾಕಿದೆ. ಅದನ್ನು ಹಾಕದೆ ಇರುವ ಧೈರ್ಯ ಆ ಕ್ರಾಸಿನಲ್ಲಿ ಯಾವ ಗಂಡಸಿಗೂ ಇರಲಿಲ್ಲ, ನನ್ನನ್ನು ಯಾಕೆ ಕೇಳುತ್ತೀರಿ?

ಕೃಷ್ಣಗಿರಿಯ ದೊಡ್ಡ ಕಚೇರಿಯಲ್ಲಿ ಯಾರೋ ಒಬ್ಬರಿಗೆ ಕಣ್ಣಿತ್ತು. ಆನೆ ಒಂದೊಂದಾಗಿ ನಾಲ್ಕು ಹೊಲ ತುಳಿಯಬಹುದು. ಕೆಂಪು ಬಿಂದಿಗೆಯೂ ಅದರ ಹಿಂದೆ ಹೊಲದಿಂದ ಹೊಲಕ್ಕೆ ನಡೆದುಕೊಂಡು ಹೋಗಿತ್ತೇ ಎಂದು ಅವರು ಕೇಳಿದರಂತೆ. ಗ್ರಾಮಾಧಿಕಾರಿಗೆ ನೋಟಿಸು ಬಂತು. ಮಾರನೆಯ ಬೆಳಿಗ್ಗೆ ಅವರು ನನ್ನ ಅಂಗಡಿಗೆ ಬಂದರು. ಮೇಜಿನ ಮೇಲಿದ್ದ ಆಫೀಸ್ ಫೋನನ್ನು ತೆಗೆದುಕೊಂಡು, ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತು, ನಿಧಾನವಾಗಿ ವೈರು ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು. ಆ ಚಾರ್ಜರ್ ನನ್ನದು.

ಅವತ್ತೇ ಮಧ್ಯಾಹ್ನ ಅವರು ಠಾಣೆಯಲ್ಲಿ ದೂರು ಕೊಟ್ಟರು. ಇವಳು ತಮ್ಮ ಲಾಗಿನ್ನನ್ನು ಹ್ಯಾಕ್ ಮಾಡಿದ್ದಾಳೆ, ಚಾರ್ಜಿಗೆಂದು ಇಟ್ಟಿದ್ದ ಫೋನಿನಿಂದ ಓ.ಟಿ.ಪಿ. ಕದ್ದಿದ್ದಾಳೆ ಎಂದು.

ಊರಿಗೆ ಅದೊಂದು ಹೊಸ ಪದ ಸಿಕ್ಕಿತು. ಅಲ್ಲಿಯವರೆಗೆ ಕೆಟ್ಟ ಹೆಂಗಸಿಗೆ ಹಳೆಯ ನಾಲ್ಕೈದು ಹೆಸರುಗಳೇ ಇದ್ದವು; ಈಗ "ಆಕರ್ರು" ಅಂದರು, ಹ್ಯಾಕರ್ ಅಂತ. ಪೊಲೀಸಿನವರು ಬಂದು ವಿಚಾರಿಸಿದಾಗ, ನಾನೇ ಓಡಾಡಿ ಪಿಂಚಣಿ ಮಾಡಿಸಿಕೊಟ್ಟ ಒಬ್ಬ ಅಜ್ಜಿ, "ಊ ಸೋಮಿ, ಆ ಫೋನು ಯಾವಾಗ್ಲೂ ಇವ್ಳ ತಾವೇ ಇರ್ತಿತ್ತು" ಎಂದಳು. ನಿಜವನ್ನೇ ಹೇಳಿದಳು. ನಿಜ ಹೇಳಿ ಕುತ್ತಿಗೆ ಕುಯ್ಯುವುದನ್ನು ನಾನು ಅವತ್ತು ನೋಡಿದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ತನ್ನ ಫೋನನ್ನು ಮಡಿಲಲ್ಲಿ ಕವುಚಿ ಹಾಕಿಕೊಂಡಳು, ನಾನು ನೋಡಿದರೇ ಅದರೊಳಗಿನ ದುಡ್ಡು ಸೋರಿಹೋಗುತ್ತದೆ ಅನ್ನುವ ಹಾಗೆ. ಅದೇ ಹೆಂಗಸು ಎರಡು ದಿನ ಕಳೆದ ಮೇಲೆ ನಮ್ಮ ಹಿತ್ತಲ ಬಾಗಿಲಿಗೆ ಬಂದು, "ಯಾರ್ಗೂ ಹೇಳ್ಬೇಡ ಕಣಮ್ಮ, ಇದ್ರಲ್ಲೊಂದು ಓ.ಟಿ.ಪಿ. ಬಂದೈತೆ, ನೋಡು" ಎಂದು ಫೋನು ಚಾಚಿದಳು. ನೋಡಿ ಹೇಳಿದೆ. ಥೂ ನನ್ನ ಬುದ್ಧಿಗೆ.

ಮಾವ ಮನೆಗೆ ಬಂದ. ಅಮ್ಮ ಅವನಿಗೆ ಚಾಪೆ ಹಾಸಿದಳು.

"ನಾನು ಎಲ್ಲಾ ಮಾತಾಡೀನಿ," ಅಂದ. "ನಾಳೆ ಟೇಸನ್ನಿಗೆ ಓಗದು, ತಪ್ಪಾಯ್ತು ಅಂತ ಬರ್ಕೊಡದು, ಬರದು. ಅಷ್ಟೇಯ. ಕೇಸೂ ಇಲ್ಲ, ಗೀಸೂ ಇಲ್ಲ."

"ತಪ್ಪು ಮಾಡ್ದೋರು ಬರ್ಕೊಡ್ಲಿ ಮಾವ. ಫೋಟೋ ತಂದ್ಕೊಟ್ಟಿದ್ದು ನೀವು."

ಅಮ್ಮ ತಿರುಗಿ ನಿಂತಳು. "ಬಾಯ್ ಮುಚ್ಚು. ನಿನ್ನ ಬೈಕಲ್ಲಿ ಕೂರುಸ್ಕೊಂಡೋಗಿ ಟೈಪಿಂಗ್ ಕಲ್ಸಿದ್ದು ಯಾರು? ಅವ್ನಿಲ್ದಿದ್ರೆ ನೀನು ಇವತ್ತು ಟೊಮೇಟೊ ಕೀಳ್ತಿದ್ದೆ."

"ಆರ್ಡ್ರು ಬರೋ ಹೊತ್ತು, ಹಟ ಮಾಡ್ಬೇಡ," ಅಂದ ಮಾವ. ಅವನಿಗೆ ನನ್ನ ನೋವು ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು, ಅಲ್ಲಿಗೇ ಬೆರಳಿಟ್ಟ. ಒಪ್ಪಿದೆ.

ಠಾಣೆಯಲ್ಲಿ ಗ್ರಾಮಾಧಿಕಾರಿ ಮೊದಲೇ ಬಂದು ಕೂತಿದ್ದರು. ಟೀ ಕುಡಿಯುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಇನ್ಸ್‌ಪೆಕ್ಟರ್ ತಮಿಳಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಅವರ ಪಾಸ್‌ವರ್ಡು ನಿನಗೆ ಗೊತ್ತಾ? ಗೊತ್ತು ಸಾರ್, ಅವರೇ ಹೇಳಿದ್ದು ಅಂದೆ. ಅವರು ಹೇಳಿದ್ದನ್ನು ಬಿಡು, ಒಳಗೆ ಹೋಗಿ ತೋರಿಸು ಎಂದು ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ತಳ್ಳಿದರು. ಲಾಗಿನ್ ಹ್ಯಾಕ್ ಆಗಿದೆ ಎಂದು ದೂರು ಕೊಟ್ಟ ಮನುಷ್ಯ ಪಾಸ್‌ವರ್ಡನ್ನೇ ಬದಲಾಯಿಸಿರಲಿಲ್ಲ. ಟೈಪ್ ಮಾಡಿದೆ, ಸಲೀಸಾಗಿ ಹೋಯಿತು. ಓ.ಟಿ.ಪಿ. ಹಾಕು ಎಂದು ಕೇಳಿತು. ಗ್ರಾಮಾಧಿಕಾರಿಯ ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ಅವರು ಟೀ ಲೋಟ ಕೆಳಗಿಟ್ಟರು, ಫೋನು ತೆಗೆದರು, ಕಣ್ಣಿಂದ ಸ್ವಲ್ಪ ದೂರ ಹಿಡಿದುಕೊಂಡರು, ಮತ್ತು ಎಷ್ಟೋ ಸಲ ಮಾಡಿದ್ದ ಹಾಗೆಯೇ ಒಂದೊಂದೇ ಅಂಕಿಯನ್ನು ಬಿಡಿಸಿ ನನಗೆ ಓದಿ ಹೇಳಿದರು.

ಯಾರೂ ನಗಲಿಲ್ಲ. ನಾನು ಇನ್ಸ್‌ಪೆಕ್ಟರರ ಮುಖ ನೋಡಿದೆ. ಅನುಮತಿ ಎಂದರೆ ಇದೇ ಸಾರ್, ಈಗ ನಿಮ್ಮ ಎದುರಿಗೇ ನಡೆಯಿತಲ್ಲ, ಅಂತ ಹೇಳಬೇಕೆಂದು ಬಾಯಿ ತೆರೆದೆ. ಗ್ರಾಮಾಧಿಕಾರಿ ಅಂಕಿ ಓದಿ ಹೇಳಿದ್ದನ್ನು ಅವರೂ ಕೇಳಿಸಿಕೊಂಡಿದ್ದರು. ಅವರ ಹುಬ್ಬು ಮೇಲೆ ಹೋಗಿ ಕೆಳಗಿಳಿದದ್ದನ್ನು ನಾನು ಕಂಡೆ. ಆಮೇಲೆ ಪಕ್ಕದಲ್ಲಿದ್ದ ರೈಟರಿಗೆ, "ಪಾಸ್‌ವರ್ಡ್ ಗೊತ್ತಿದೆ, ಒಳಗೆ ಹೋಗಿ ತೋರಿಸಿದಳು ಅಂತ ಸೇರಿಸಿ" ಎಂದು ತಮಿಳಿನಲ್ಲಿ ಹೇಳಿ ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಆರಿಲ್ಲ.

ರೈಟರ್ ಎಂದರೆ ಠಾಣೆಯಲ್ಲಿ ಬರೆಯುವ ಕೆಲಸದ ಪೇದೆ. ವಯಸ್ಸಾದ ಮನುಷ್ಯ, ಒಳ್ಳೆಯವರೇ. ಕಂಪ್ಯೂಟರಿನ ಮುಂದೆ ಕೂತು ಒಂದು ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದರು. ಒಂದು ಅಕ್ಷರ ಸಿಕ್ಕರೆ ಇನ್ನೊಂದು ಸಿಗದು. ಗ್ರಾಮಾಧಿಕಾರಿ ಗಡಿಯಾರ ನೋಡಿದರು. ಆಗ ಮಾವ ಮುಂದೆ ಬಂದ. ಅವನ ಮುಖದಲ್ಲಿ ಹೆಮ್ಮೆ ಇತ್ತು; ಸುಳ್ಳಲ್ಲ, ನಿಜವಾದ ಹೆಮ್ಮೆ.

"ನಮ್ ಉಡ್ಗೀಗೆ ತಮಿಳ್ ಟೈಪಿಂಗ್ ಚೆನ್ನಾಗಿ ಬತ್ತದೆ ಸಾರ್," ಅಂದ. ಅದನ್ನೇ ತಮಿಳಿನಲ್ಲೂ ಹೇಳಿದ. "ಅವ್ಳೇ ಟೈಪ್ ಒಡ್ದುಬುಡ್ತಾಳೆ. ನೀವು ಯಾಕೆ ಕಷ್ಟ ಪಡ್ತೀರ?"

"ಉಕ್ಕಾರುಮ್ಮಾ," ಎಂದು ರೈಟರ್ ತಮ್ಮ ಕುರ್ಚಿ ಬಿಟ್ಟು ಎದ್ದರು. ಕೂತುಕೊಳ್ಳಮ್ಮ ಅಂತ.

ಕೂತೆ. ಯಾರಾದರೂ ಟೈಪ್ ಮಾಡು ಎಂದರೆ ಕೂರುವುದು ನನ್ನ ಅಭ್ಯಾಸ. ಬರೆಯುವುದು ತಪ್ಪೊಪ್ಪಿಗೆಯ ಕಾಗದ ಎಂದುಕೊಂಡಿದ್ದೆ. ಅಷ್ಟರಲ್ಲಿ ಪರದೆ ಮುಚ್ಚಿಕೊಂಡು ಮತ್ತೆ ಲಾಗಿನ್ ಕೇಳಿತು. ರೈಟರ್ ನನ್ನ ಬೆನ್ನ ಹಿಂದೆ ನಿಂತು ತಮ್ಮ ಪಾಸ್‌ವರ್ಡನ್ನು ಗಟ್ಟಿಯಾಗಿ ಹೇಳಿದರು. ಟೈಪ್ ಮಾಡಿದೆ. ಪೊಲೀಸರ ಕಂಪ್ಯೂಟರಿನೊಳಗೆ ಹೋದೆ. ಬೇರೊಬ್ಬರ ಪಾಸ್‌ವರ್ಡು ಹಾಕಿ ಸರ್ಕಾರದ ಕಂಪ್ಯೂಟರಿಗೆ ನುಗ್ಗಿದಳು ಎಂದು ನನ್ನ ಮೇಲೆ ಬರೆಯಲು ನನಗೆ ಬೇರೊಬ್ಬರ ಪಾಸ್‌ವರ್ಡು ಕೊಟ್ಟು ಸರ್ಕಾರದ ಕಂಪ್ಯೂಟರಿನ ಮುಂದೆ ಕೂರಿಸಿದರು. ಇದನ್ನು ಹೇಳಿದರೆ ವಕೀಲರು, ಕೋರ್ಟಿನಲ್ಲಿ ಇದನ್ನು ಬಾಯಿಬಿಡಬೇಡ, ಇನ್ನೊಂದು ಕೇಸು ಹಾಕುತ್ತಾರೆ ಅಂದರು.

ರೈಟರ್ ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ದೂರುದಾರರ ಹೆಸರು, ಗ್ರಾಮಾಧಿಕಾರಿಯದು. ಆರೋಪಿಯ ಹೆಸರು ಎಂದರು. ಬೆರಳು ನಿಂತಿತು.

"ಸಾರ್, ಕ್ಷಮಾಪಣೆ ಅಂದಿದ್ರಲ್ಲ? ಇದು ಎಫ್.ಐ.ಆರ್. ಅಲ್ವಾ?"

"ಮೇಲಿಂದ ನೋಟಿಸ್ ಬಂದಿದೆಯಮ್ಮ, ಎಫ್.ಐ.ಆರ್. ಹಾಕದೆ ಆಗುತ್ತಾ? ಬೇಗ ಮುಗಿಸು, ಬೇಗ ಮನೆಗೆ ಹೋಗಬಹುದು," ಎಂದು ರೈಟರ್ ತಮಿಳಿನಲ್ಲಿ ಸಮಾಧಾನ ಮಾಡಿದರು.

ಮಾವನ ಕಡೆ ತಿರುಗಿದೆ. ಅವನು ಗೋಡೆಯ ಮೇಲಿದ್ದ, ಕಾಣೆಯಾದವರ ಫೋಟೋಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ನನ್ನ ಹೆಸರು ಹೊಡೆದೆ. ಅಪ್ಪನ ಹೆಸರು, ಊರು, ವಯಸ್ಸು. ಎದ್ದು ಓಡಿಹೋಗಬಹುದಿತ್ತು ಎಂದು ಆಮೇಲೆ ಕೆಲವರು ಹೇಳಿದ್ದಾರೆ. ಓಡಿ ಎಲ್ಲಿಗೆ ಹೋಗಲಿ, ಮಾವನ ಬೈಕಿನಲ್ಲಿ ಹಿಂದೆ ಕೂತು ಬಂದವಳು? ನಾನು ಎದ್ದರೆ ಆ ಮುದುಕರು ಒಂದು ಬೆರಳಿನಲ್ಲಿ ಸಂಜೆಯವರೆಗೂ ಅದನ್ನೇ ಬರೆಯುತ್ತಾರೆ, ನಾನು ಬೆಂಚಿನ ಮೇಲೆ ಕೂತು ಒಂದೊಂದು ಅಕ್ಷರವನ್ನೂ ಕೇಳಬೇಕಾಗುತ್ತದೆ. ಅದಕ್ಕಿಂತ ಇದೇ ಬೇಗ. "ಅನುಮತಿ ಇಲ್ಲದೆ" ಎಂದು ಹೇಳಿದರು, ತಮಿಳಿನಲ್ಲಿ ಹೊಡೆದೆ. "ಮೋಸ ಮಾಡುವ ಉದ್ದೇಶದಿಂದ" ಎಂದರು, ಹೊಡೆದೆ. ಆಮೇಲೆ, ದಾಯಾದಿಗಳ ಆ ಮೂರು ಹೊಲಗಳ ಹೆಸರಿನಲ್ಲಿ ಅರ್ಜಿ ಹೋಗಿರುವುದು ಹೊಲದವರಿಗೆ ಗೊತ್ತೇ ಇರಲಿಲ್ಲ, ಆರೋಪಿಯ ಸ್ವಂತ ಸೋದರಮಾವನೇ ಇದನ್ನು ಠಾಣೆಗೆ ಬಂದು ತಿಳಿಸಿದ್ದಾನೆ, ಎಂದರು. ಮಾವನ ಹೆಸರು ಹೇಳಿದರು. ಅದರ ಮುಂದೆ ಅವನ ತಂದೆಯ ಹೆಸರನ್ನು, ಎಂದರೆ ನನ್ನ ತಾತನ ಹೆಸರನ್ನು, ರೈಟರ್ ತಪ್ಪಾಗಿ ಹೇಳಿದರು. ತಿದ್ದಿ ಸರಿಯಾಗಿ ಹೊಡೆದೆ.

ಪ್ರಿಂಟ್ ತೆಗೆದರು. ರೈಟರ್ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೂ ಓದಿದರು. ಒಂದು ತಪ್ಪೂ ಇಲ್ಲ, ಎಷ್ಟು ಚೊಕ್ಕವಾಗಿ ಮಾಡಿದ್ದೀಯಮ್ಮ, ನಿನ್ನಂಥವರು ಸರ್ಕಾರಿ ಕೆಲಸಕ್ಕೆ ಬರಬೇಕು, ಎಂದು ಮನಸಾರೆ ಹೊಗಳಿದರು. ಗ್ರಾಮಾಧಿಕಾರಿಯೂ ತಲೆಯಾಡಿಸಿದರು. ಅವರಿಗೆ ಆಮೇಲೆ ಕೆಲಮಂಗಲದ ಹತ್ತಿರ ಒಳ್ಳೆಯ ಊರಿಗೇ ವರ್ಗವಾಯಿತು.

ಮನೆಗೆ ಬಂದಾಗ ಊಟದ ಹೊತ್ತು. ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಏನಾಯ್ತು ಎಂದು ಕೇಳಿದಳು, ನನ್ನನ್ನಲ್ಲ, ತಮ್ಮನನ್ನು.

"ಎಲ್ಲಾ ಮುಗೀತು ಕಣಕ್ಕ. ಇವ್ಳು ಟೈಪ್ ಮಾಡಿದ್ ನೋಡಿ ರೈಟ್ರು ಬಾಯಿ ತುಂಬಾ ಒಗಳ್ಬುಟ್ರು. ಇಂತೋರು ಗೌರ್ಮೆಂಟ್ ಕೆಲ್ಸಕ್ಕೆ ಬರ್ಬೇಕು ಅಂದ್ರು."

ಅಮ್ಮನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವಳು ನನ್ನ ತಲೆ ಸವರಿದಳು, ಹಿಟ್ಟಿನ ಕೈಯಲ್ಲೇ. "ಅಂಗಾದ್ರೆ ಆರ್ಡ್ರು ಬತ್ತದೆ ಅಲ್ವೇನಮ್ಮಿ?"

"ಬರಾಕಿಲ್ಲಮ್ಮ," ಅಂದೆ. "ನನ್ ಮೇಲೆ ಕೇಸಾಯ್ತು. ಸಾಕ್ಷಿ ನಿನ್ ತಮ್ಮ. ಟೈಪ್ ಮಾಡಿದ್ದು ನಾನು."

ಅಮ್ಮ ನನ್ನ ತಲೆಯ ಮೇಲಿಂದ ಕೈ ತೆಗೆದಳು. ತಮ್ಮನ ಮುಖ ನೋಡಿದಳು. ಅವನು ಸಾರಿನಲ್ಲಿ ಮುದ್ದೆ ಅದ್ದುತ್ತಿದ್ದ, ತಲೆ ಎತ್ತಲಿಲ್ಲ. ಅವಳಿಗೆ ಎಲ್ಲಾ ಅರ್ಥವಾಯಿತು. ಅರ್ಥವಾದದ್ದು ನನಗೆ ಕಂಡಿತು.

"ಉಣ್ಣೋ ಹೊತ್ನಲ್ಲಿ ಅಂತಾ ಮಾತು ಆಡ್ಬಾರ್ದು," ಎಂದಳು ಅಮ್ಮ, ಮತ್ತು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.